ಎರಡು ಪದಕ, ಎರಡೂ ಒಂದೇ ಕಿಲೋ ಅಂತರದಲ್ಲಿ: ವಂಡ್ಸೆಯ ಗುರುರಾಜನ ಲೆಕ್ಕ ಚಿಕ್ಕೇರೂರಿಗೆ ಯಾಕೆ ಬೇಕು?

ಚಿಕ್ಕೇರೂರು (ಹಿರೇಕೆರೂರು ತಾ.): ಗೋವಿನಜೋಳದ ಸುಗ್ಗಿಯಲ್ಲಿ ಈ ಭಾಗದ ಯಾವ ಅಂಗಡಿ ಮುಂದೆ ನಿಂತರೂ ಕಾಣೋದು ಒಂದೇ ನೋಟ. ಲಾರಿಗೆ ಹಲಗೆ ಹಚ್ಚಿರ್ತಾರೆ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಓಡುನಡಿಗೆಯಲ್ಲಿ ಹತ್ತುತ್ತಾರೆ. ಕ್ವಿಂಟಲ್ ಚೀಲವನ್ನು ಒಬ್ಬನೇ ಎತ್ತಿದರೆ ಸುತ್ತ ನಿಂತ ಮಂದಿ 'ಗಟ್ಟಿ ಅದಾನ ಹುಡುಗ' ಅಂತಾರೆ.

ಅದೇ ಚೀಲ ಒಂದೂವರೆ ಕ್ವಿಂಟಲ್ ಇದ್ದರೆ? ಅದನ್ನು ಬೆನ್ನಿಗೆ ಹಾಕಿಕೊಳ್ಳದೆ, ಎರಡೂ ಕೈ ನೆಟ್ಟಗೆ ಚಾಚಿ ತಲೆಯ ಮೇಲೆ ಹಿಡಿದು ಕದಲದೆ ನಿಲ್ಲಬೇಕು ಅಂದರೆ? ಅದೂ ಎತ್ತುವವನ ಮೈತೂಕವೇ 61 ಕೆಜಿ ದಾಟಬಾರದು ಅಂದರೆ?

2022ರ ಜುಲೈ 30ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುಂದಾಪುರ ಕಡೆಯ ಒಬ್ಬ ಕನ್ನಡಿಗ ಇದನ್ನೇ ಮಾಡಿದ. ಹೆಸರು ಗುರುರಾಜ ಪೂಜಾರಿ. ಊರು ಉಡುಪಿ ಜಿಲ್ಲೆಯ ವಂಡ್ಸೆ ಸಮೀಪ. ಎತ್ತಿದ್ದು 151 ಕೆಜಿ. ಸಿಕ್ಕಿದ್ದು ಕಾಮನ್‌ವೆಲ್ತ್ ಕ್ರೀಡಾಕೂಟದ ಕಂಚು. ಅದಕ್ಕೂ ನಾಲ್ಕು ವರ್ಷ ಮೊದಲು, 2018ರಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಇದೇ ಹುಡುಗ ಬೆಳ್ಳಿ ಗೆದ್ದಿದ್ದ.

ಇದೇ ಜುಲೈ 23ರಿಂದ ಆಗಸ್ಟ್ 2ರವರೆಗೆ ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೊದಲ್ಲಿ ಮತ್ತೆ ಕಾಮನ್‌ವೆಲ್ತ್ ಕೂಟ. 2030ರ ಕೂಟವಂತೂ ನಮ್ಮ ದೇಶದಲ್ಲೇ, ಅಹಮದಾಬಾದ್‌ನಲ್ಲಿ. ಇಂಥ ಹೊತ್ತಲ್ಲಿ ಗುರುರಾಜನ ಓಟವನ್ನು ಒಮ್ಮೆ ಹಿಂತಿರುಗಿ ನೋಡಬೇಕಾದ್ದು ಕರಾವಳಿಯವರು ಮಾತ್ರ ಅಲ್ಲ. ಹಿರೇಕೆರೂರು ತಾಲೂಕಿನವರು, ಅದರಲ್ಲೂ ಮಕ್ಕಳನ್ನು ಇಲ್ಲಿನ ಪ್ರೌಢಶಾಲೆಗೆ ಕಳಿಸೋ ತಂದೆತಾಯಂದಿರೂ ನೋಡಬೇಕು. ಕಾರಣ ಮುಂದಿದೆ.

ಒಂದು ಕಿಲೋದ ಬೆಲೆ

ಮೊದಲು ಆಟದ ಲೆಕ್ಕ. ವೇಟ್‌ಲಿಫ್ಟಿಂಗ್‌ನಲ್ಲಿ ಎರಡು ಬಗೆಯ ಎತ್ತು. ಒಂದು ಸ್ನ್ಯಾಚ್: ನೆಲದ ಮೇಲಿನ ರಾಡನ್ನು ಒಂದೇ ಎಳೆತಕ್ಕೆ ತಲೆ ಮೇಲೆ ಒಯ್ಯಬೇಕು. ಇನ್ನೊಂದು ಕ್ಲೀನ್ ಅಂಡ್ ಜರ್ಕ್: ಮೊದಲು ಭುಜಕ್ಕೆ ತಂದುಕೊಂಡು, ಎದ್ದು ನಿಂತು, ಆಮೇಲೆ ಒಂದು ಝಟಕಾ ಕೊಟ್ಟು ಮೇಲಕ್ಕೆ. ಎರಡರಲ್ಲೂ ಮೂರು ಮೂರು ಅವಕಾಶ. ಎರಡರಲ್ಲೂ ಎತ್ತಿದ ದೊಡ್ಡ ತೂಕ ಕೂಡಿಸಿದರೆ ಬರೋದೇ ಒಟ್ಟು ಮೊತ್ತ. ಯಾವುದೇ ಒಂದರಲ್ಲಿ ಮೂರೂ ಸಲ ತಪ್ಪಿದರೆ ಒಟ್ಟು ಮೊತ್ತವೇ ಇಲ್ಲ. ಸಾವಿರಾರು ಕಿಲೋಮೀಟರ್ ವಿಮಾನದಲ್ಲಿ ಹೋದವನು ಬರಿಗೈಲಿ ವಾಪಸ್.

ಗೋಲ್ಡ್ ಕೋಸ್ಟ್‌ನಲ್ಲಿ ಗುರುರಾಜ ಆ ಅಂಚಿಗೇ ಹೋಗಿ ಬಂದ. ಅವನ ವಿಭಾಗ 56 ಕೆಜಿ. ಸ್ನ್ಯಾಚ್‌ನಲ್ಲಿ 111 ಕೆಜಿ ಎತ್ತಿದ್ದ. ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೊದಲ ಯತ್ನ ತಪ್ಪಿತು. ಎರಡನೇದೂ ತಪ್ಪಿತು. ಉಳಿದಿದ್ದು ಒಂದೇ. ಈ ಪದಕದ ಮೇಲೆ ನಿನ್ನ ಬದುಕೇ ನಿಂತಿದೆ ಎಂದು ಕೋಚ್ ನೆನಪಿಸಿದರು, ಮನೆಯವರನ್ನೂ ದೇಶವನ್ನೂ ನೆನೆದು ಎತ್ತಿದೆ ಎಂದು ಆಮೇಲೆ ಅವನೇ ಸುದ್ದಿಗಾರರಿಗೆ ಹೇಳಿದ್ದ. ಮೂರನೇ ಯತ್ನದಲ್ಲಿ 138 ಕೆಜಿ ಮೇಲೆ ಹೋಯಿತು. ಒಟ್ಟು 249. ಮಲೇಷ್ಯಾದ ಇಜ್ಹಾರ್ ಅಹ್ಮದ್ 261 ಕೆಜಿಯೊಂದಿಗೆ ಚಿನ್ನ ಗೆದ್ದ. ಮೂರನೇ ಸ್ಥಾನದ ಶ್ರೀಲಂಕಾದ ಚತುರಂಗ ಲಕ್ಮಲ್ ಮೊತ್ತ 248. ಬೆಳ್ಳಿಗೂ ಕಂಚಿಗೂ ನಡುವೆ ಇದ್ದದ್ದು ಒಂದು ಕಿಲೋ. ಆ ಕೂಟದಲ್ಲಿ ಭಾರತದ ಖಾತೆ ತೆರೆದಿದ್ದೂ ಇದೇ ಪದಕ. ಮಣಿಪುರದ ಮೀರಾಬಾಯಿ ಚಾನು ಚಿನ್ನ ಗೆದ್ದದ್ದು ಅದೇ ದಿನ, ಇವನ ನಂತರ.

ಬರ್ಮಿಂಗ್‌ಹ್ಯಾಮ್‌ನಲ್ಲಿ ಇದೇ ಕಥೆ ಮತ್ತೊಮ್ಮೆ. ಈ ಸಲ ವಿಭಾಗ 61 ಕೆಜಿ. ಸ್ನ್ಯಾಚ್‌ನಲ್ಲಿ 118. ಕೆನಡಾದ ಯೂರಿ ಸಿಮಾರ್ಡ್ ಒಟ್ಟು 268ಕ್ಕೆ ಬಂದು ನಿಂತಿದ್ದ. ಗುರುರಾಜ ಕೊನೆಯ ಯತ್ನಕ್ಕೆ ಹಾಕಿಸಿದ್ದು 151. ಯಾಕೆ 151? 149 ಎತ್ತಿದ್ದರೆ ಮೊತ್ತ 267, ಅಂದರೆ ನಾಲ್ಕನೇ ಸ್ಥಾನ. 150 ಎತ್ತಿದ್ದರೆ 268, ಸಮ. ಸಮ ಆದರೆ ಆ ಮೊತ್ತ ಮೊದಲು ಮುಟ್ಟಿದವನಿಗೇ ಸ್ಥಾನ ಅನ್ನುತ್ತದೆ ನಿಯಮ. ಆಗಲೂ ನಾಲ್ಕನೆಯವನೇ. ಹಾಗಾಗಿ ಕಂಚು ಬೇಕಿದ್ದರೆ 151ಕ್ಕಿಂತ ಕಮ್ಮಿ ಆಗ್ತಿರಲಿಲ್ಲ. ಎತ್ತಿದ. 269. ಮತ್ತೆ ಒಂದೇ ಕಿಲೋ. ಮಲೇಷ್ಯಾದ ಅಜ್ನಿಲ್ ಬಿನ್ ಬಿದಿನ್ 285, ಪಪುವಾ ನ್ಯೂಗಿನಿಯ ಮೊರಿಯಾ ಬಾರು 273 ಎತ್ತಿ ಮೊದಲೆರಡು ಸ್ಥಾನ ಪಡೆದರು.

ಆ 151 ಕೆಜಿ ರಾಡಿನ ಮೇಲೆ ಹೇಗೆ ಕೂರುತ್ತೆ ಅಂತಲೂ ನೋಡಿ. ಗಂಡಸರ ರಾಡಿನದೇ ತೂಕ 20 ಕೆಜಿ. ಚಕ್ರ ಜಾರದ ಹಾಗೆ ಹಾಕೋ ಎರಡು ಬಿಗಿಗಳು ತಲಾ ಎರಡೂವರೆ ಕೆಜಿ. ಉಳಿದ 126 ಕೆಜಿ ಅರ್ಧರ್ಧ, ಒಂದೊಂದು ಬದಿಗೆ 63. ಅಂದರೆ 25 ಕೆಜಿಯ ಎರಡು ಕೆಂಪು ಚಕ್ರ, 10 ಕೆಜಿಯ ಒಂದು ಹಸಿರು ಚಕ್ರ, ಮೇಲೆ ಎರಡೂವರೆ ಕೆಜಿ, ಅರ್ಧ ಕೆಜಿ. ಆ ಅರ್ಧರ್ಧ ಕೆಜಿಯ ಚಿಕ್ಕ ಬಿಲ್ಲೆ ಎರಡು ಕೂಡಿದರೆ ಆಗೋದೇ ಒಂದು ಕಿಲೋ. ಪದಕ ನಿಂತಿದ್ದು ಅದರ ಮೇಲೆ.

ಕೊಲ್ಲೂರು ದಾರಿಯ ಹುಡುಗ

ವಂಡ್ಸೆ ಈ ಕಡೆಯವರಿಗೆ ಅಪರಿಚಿತ ಊರೇನಲ್ಲ. ಘಟ್ಟ ಇಳಿದು ಕೊಲ್ಲೂರು ಮೂಕಾಂಬಿಕೆ ದರ್ಶನ ಮಾಡಿ, ಅಲ್ಲಿಂದ ಹೆಮ್ಮಾಡಿ, ಕುಂದಾಪುರ ಅಂತ ಹೊರಡೋ ಟೆಂಪೊಗಳು ವಂಡ್ಸೆ ಹಾದೇ ಹೋಗುತ್ತವೆ. ರಸ್ತೆ ಬದಿಯ ಸಣ್ಣ ಪೇಟೆ. ಅಂಥ ಕಡೆಯಲ್ಲಿ, ಬಾಡಿಗೆ ಗಾಡಿ ಓಡಿಸಿ ದೊಡ್ಡ ಕುಟುಂಬ ಸಾಕಿದ ತಂದೆಯ ಮಗ ಗುರುರಾಜ. ಹುಟ್ಟಿದ್ದು 1992ರ ಆಗಸ್ಟ್ 15ರಂದು.

ಅವನು ಮೊದಲು ಆಗಬೇಕು ಅಂದುಕೊಂಡಿದ್ದು ಪೈಲ್ವಾನ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದಾಗ ದೇಶದ ಎಷ್ಟೋ ಹುಡುಗರ ಹಾಗೆ ಅವನಿಗೂ ಕುಸ್ತಿಯ ಹುಚ್ಚು ಹಿಡಿಯಿತು. ಅಖಾಡಕ್ಕೂ ಇಳಿದ. ದಾರಿ ತಿರುಗಿದ್ದು 2010ರಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಸೇರಿದ ಮೇಲೆ. ಅಲ್ಲಿ ಕೋಚ್ ರಾಜೇಂದ್ರ ಪ್ರಸಾದ್ ಹುಡುಗನ ಮೈಕಟ್ಟು ನೋಡಿ ರಾಡು ಹಿಡಿಸಿದರು.

ಕಾಲೇಜು ಓದುವಾಗಿನ ಕಷ್ಟ ಬೇರೆ. ಭಾರ ಎತ್ತುವವನಿಗೆ ಊಟ ಬೇಕು. ಮೊಟ್ಟೆ, ಹಾಲು, ಮಾಂಸ, ಹಣ್ಣು. ತಂದೆಯ ದುಡಿಮೆಯಲ್ಲಿ ಅಷ್ಟು ಹೊಂದಿಸೋದು ಕಷ್ಟ ಇತ್ತು. ಅದಕ್ಕೆ ನೌಕರಿ ಬೇಕಿತ್ತು. ಸೇನೆಗೆ ಹೋದ. ಎತ್ತರ ಸಾಲದು ಅಂತ ವಾಪಸ್ ಕಳಿಸಿದರು. ಮನಸ್ಸು ಮುರಿದು ಕೂತವನಿಗೆ ವಾಯುಪಡೆಯಲ್ಲಿ ಎತ್ತರಕ್ಕೆ ಸ್ವಲ್ಪ ರಿಯಾಯಿತಿ ಇದೆ ಅಂತ ಗೊತ್ತಾಯಿತು. ಅಲ್ಲಿ ಸೇರಿದ. ಸಂಬಳ ಬಂತು, ಊಟ ಬಂತು, ಅಭ್ಯಾಸಕ್ಕೆ ಬಿಡುವು ಬಂತು.

ಇಲ್ಲೊಂದು ತಮಾಷೆ ಇದೆ. ಸೇನೆಯ ಭರ್ತಿಯಲ್ಲಿ ಕೊರತೆ ಅನಿಸಿದ್ದ ಗಿಡ್ಡತನ ರಾಡಿನ ಮುಂದೆ ಲಾಭ. ಉದ್ದ ಕಾಲು, ಉದ್ದ ಕೈಯವನು ರಾಡನ್ನು ಹೆಚ್ಚು ದೂರ ಒಯ್ಯಬೇಕು. ಗಿಡ್ಡನಿಗೆ ಆ ದೂರ ಕಮ್ಮಿ. ಊರಲ್ಲಿ 'ಕುಳ್ಳ' ಅಂತ ಹಾಸ್ಯ ಮಾಡಿಸಿಕೊಂಡು, ಕಬಡ್ಡಿ ತಂಡದಲ್ಲೂ ವಾಲಿಬಾಲ್ ತಂಡದಲ್ಲೂ ಹೊರಗೆ ಉಳಿಯೋ ಹುಡುಗನೇ ಈ ಆಟಕ್ಕೆ ಸರಿಯಾದ ಹುಡುಗ ಇರಬಹುದು. ಆದರೆ ಅದನ್ನು ನೋಡಿ ಗುರುತಿಸೋ ಕಣ್ಣೊಂದು ಹತ್ತಿರದಲ್ಲಿ ಇರಬೇಕು.

2016ರಲ್ಲಿ ಫಲ ಕಾಣಿಸಿತು. ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ, ಮಲೇಷ್ಯಾದ ಪೆನಾಂಗ್‌ನಲ್ಲಿ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್ ಚಿನ್ನ. 2018ರಲ್ಲಿ ಬೆಳ್ಳಿ. 2021ರ ಡಿಸೆಂಬರ್‌ನಲ್ಲಿ ತಾಷ್ಕೆಂಟ್‌ನ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ. 2022ರಲ್ಲಿ ಕಂಚು. ಸಾಲಾಗಿ ಓದಿದರೆ ಸರಾಗ ಹತ್ತಿದ ಏಣಿ ಅನಿಸುತ್ತೆ. ಹಾಗಿರಲಿಲ್ಲ.

ಕಾಲ ಕೆಳಗಿನ ಗೆರೆಯೇ ಅಳಿಸಿದಾಗ

ಗೋಲ್ಡ್ ಕೋಸ್ಟ್‌ನಲ್ಲಿ ಬೆಳ್ಳಿ ಗೆದ್ದ ಕೆಲವೇ ತಿಂಗಳಿಗೆ ಅಂತಾರಾಷ್ಟ್ರೀಯ ಫೆಡರೇಷನ್ ಮೈತೂಕದ ವಿಭಾಗಗಳನ್ನೇ ಬದಲಿಸಿತು. ಹಳೆಯ 56 ಕೆಜಿ ಹೋಯಿತು. 55 ಮತ್ತು 61 ಬಂದವು. ಒಲಿಂಪಿಕ್ಸ್‌ಗೆ ಅತಿ ಚಿಕ್ಕ ಗಂಡಸರ ವಿಭಾಗ 61 ಅಂತ ಆಯಿತು. ಹತ್ತಿರ ಎಂಟು ವರ್ಷ 56 ಕೆಜಿಗೆ ಮೈ ಹದ ಮಾಡಿಕೊಂಡವನು ಈಗ ಐದು ಕೆಜಿ ಏರಿಸಿಕೊಂಡು, ಹುಟ್ಟಾ ಹೆಚ್ಚು ಮೈಕಟ್ಟು ಇರೋರ ಜೊತೆ ಸೆಣಸಬೇಕು. ಹೊಲದ ಬದು ರಾತ್ರೋರಾತ್ರಿ ಸರಿದ ಹಾಗೆ.

ಗುರುರಾಜ ಆ ಐದು ಕೆಜಿ ಏರಿಸಿದ. ಒಟ್ಟು ಮೊತ್ತವನ್ನೂ 249ರಿಂದ 269ಕ್ಕೆ, ಅಂದರೆ 20 ಕೆಜಿ ಏರಿಸಿದ. ಆದರೂ ಪದಕದ ಬಣ್ಣ ಬೆಳ್ಳಿಯಿಂದ ಕಂಚಿಗೆ ಇಳಿಯಿತು. ಟಿವಿಯಲ್ಲಿ ಬಣ್ಣ ಮಾತ್ರ ನೋಡಿದವರು 'ಈ ಸಲ ಸ್ವಲ್ಪ ಕಮ್ಮಿ ಆಯ್ತು' ಅಂದರು. ಅಂಕಿ ನೋಡಿದವರಿಗೆ ಕಾಣೋದೇ ಬೇರೆ. ಅವನು ಹಿಂದಿಗಿಂತ ಬಲಿತಿದ್ದ, ಸ್ಪರ್ಧೆ ಅವನಿಗಿಂತ ಬೇಗ ಬಲಿತಿತ್ತು.

ಇದು ಇಲ್ಲಿಗೇ ಮುಗಿದಿಲ್ಲ. 2025ರ ಜೂನ್‌ನಿಂದ 61 ಕೂಡ ಹೋಗಿ 60 ಮತ್ತು 65 ಬಂದಿವೆ. ಗ್ಲಾಸ್ಗೊದಲ್ಲಿ ಇರೋದು ಇವೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಂತೂ ಗಂಡಸರ ಅತಿ ಚಿಕ್ಕ ವಿಭಾಗವೇ 65. ಹತ್ತು ವರ್ಷದೊಳಗೆ ಸಣ್ಣ ಮೈಕಟ್ಟಿನವರ ಒಲಿಂಪಿಕ್ಸ್ ಬಾಗಿಲು 56ರಿಂದ 65ಕ್ಕೆ ಸರಿದಿದೆ. ಕಳೆದ ವರ್ಷ ಆಗಸ್ಟ್‌ನಲ್ಲಿ ಅಹಮದಾಬಾದ್‌ನಲ್ಲಿ ನಡೆದ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನ 60 ಕೆಜಿಯಲ್ಲಿ ಮಣಿಪುರದ ಋಷಿಕಾಂತ ಸಿಂಗ್ ಗೆದ್ದದ್ದು 271 ಕೆಜಿ ಎತ್ತಿ. ಆ ಚಿನ್ನವೇ ಗ್ಲಾಸ್ಗೊಗೆ ನೇರ ಟಿಕೆಟ್. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಂಚು ಕೊಟ್ಟ 269, ಈಗ ಒಂದು ಕೆಜಿ ಚಿಕ್ಕ ವಿಭಾಗದಲ್ಲಿ ದೇಶದೊಳಗಿನ ಪೈಪೋಟಿಗೇ ಸಾಲದು.

29 ಕೆಜಿ ಕಂದರ

ಹಾಗಾದರೆ ಎರಡು ಕಾಮನ್‌ವೆಲ್ತ್ ಪದಕದವನು ಒಲಿಂಪಿಕ್ಸ್‌ಗೆ ಯಾಕೆ ಹೋಗಲಿಲ್ಲ? ಅಂಕಿಯಲ್ಲೇ ಉತ್ತರ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 61 ಕೆಜಿಯಲ್ಲಿ ಚೀನಾದ ಲಿ ಫಾಬಿನ್ 310 ಎತ್ತಿ ಚಿನ್ನ ಗೆದ್ದ. ಕಂಚು ಗೆದ್ದ ಅಮೆರಿಕದ ಹ್ಯಾಂಪ್ಟನ್ ಮಾರಿಸ್ ಎತ್ತಿದ್ದು 298. ಗುರುರಾಜನ 269ರಿಂದ ಅಲ್ಲಿಗೆ 29 ಕೆಜಿ. ಕಾಮನ್‌ವೆಲ್ತ್‌ನಲ್ಲಿ ಒಂದು ಕಿಲೋಗೆ ಪದಕ ಕೈಗೆ ಬರೋದು, ಕೈ ಬಿಡೋದು ನಡೆಯುತ್ತೆ. ಒಲಿಂಪಿಕ್ಸ್‌ಗೂ ಅದಕ್ಕೂ ನಡುವೆ ಇರೋದು ಕಂದರ.

ಆ 29 ಕೆಜಿ ಎಲ್ಲಿ ಕಳೆದುಹೋಯಿತು? ತಾಕತ್ತಿನಲ್ಲಲ್ಲ, ವಯಸ್ಸಿನಲ್ಲಿ ಅಂತ ಹೇಳೋಕೆ ಒಂದು ಹೋಲಿಕೆ ಸಾಕು. ಮಿಜೋರಾಂನ ಜೆರೆಮಿ ಲಾಲ್‌ರಿನ್ನುಂಗಾ ಚಿಕ್ಕಂದಿನಲ್ಲೇ ಸೇನೆಯ ಕ್ರೀಡಾ ವ್ಯವಸ್ಥೆಗೆ ಸೇರಿ ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಬೆಳೆದವನು. 2018ರ ಅಕ್ಟೋಬರ್‌ನಲ್ಲಿ ಬ್ಯೂನಸ್ ಐರಿಸ್‌ನ ಯುವ ಒಲಿಂಪಿಕ್ಸ್‌ನ 62 ಕೆಜಿ ವಿಭಾಗದಲ್ಲಿ 274 ಎತ್ತಿ ಚಿನ್ನ ಗೆದ್ದ. ಆಗ ಅವನಿಗೆ 15 ವರ್ಷ. ಗುರುರಾಜ 61 ಕೆಜಿಯಲ್ಲಿ 269 ಎತ್ತಿದಾಗ 29 ವರ್ಷ. ಗುರುರಾಜನಿಗೆ 15 ಆದಾಗ ಅವನ ಮುಂದೆ ರಾಡೇ ಇರಲಿಲ್ಲ. ರಾಡು ಮುಟ್ಟಿದ್ದು 18ರ ಆಸುಪಾಸಿನಲ್ಲಿ.

ಅಂತಾರಾಷ್ಟ್ರೀಯ ನಿಯಮದಲ್ಲಿ ಯುವ ವಿಭಾಗ ಅಂದರೆ 13ರಿಂದ 17 ವರ್ಷ. ಜೂನಿಯರ್ 20ರವರೆಗೆ. ಪದವಿ ಕಾಲೇಜಿಗೆ ಬಂದ ಮೇಲೆ ಶುರು ಮಾಡಿದವನು ಯುವ ವಿಭಾಗವನ್ನು ಪೂರ್ತಿ ಕಳೆದುಕೊಂಡಿರ್ತಾನೆ, ಜೂನಿಯರ್‌ನಲ್ಲಿ ಬರೀ ಎರಡು ವರ್ಷ ಉಳಿದಿರುತ್ತೆ. ಸ್ನ್ಯಾಚ್ ಅನ್ನೋದು ತಾಕತ್ತಿಗಿಂತ ಹೆಚ್ಚಾಗಿ ಚಟಾಪಟ್ ಮೈ ಮಡಚಿ ರಾಡಿನ ಕೆಳಗೆ ನುಸುಳೋ ಕಲೆ. ಮೈ ಎಳೆಯದಿರುವಾಗ ಕಲಿತದ್ದು ಮೂಳೆಯಲ್ಲಿ ಕೂರುತ್ತೆ. ಸೈಕಲ್ ಕಲಿತ ಹಾಗೆ, ಈಜು ಕಲಿತ ಹಾಗೆ.

ಗುರುರಾಜನ ಸಾಧನೆಯನ್ನು ಸಣ್ಣದು ಮಾಡೋಕೆ ಈ ಮಾತಲ್ಲ. ಐದಾರು ವರ್ಷ ತಡವಾಗಿ ಶುರು ಮಾಡಿ, ನಡುವೆ ವಿಭಾಗವೇ ಮಾಯವಾಗಿ, ಆದರೂ ಎರಡು ಕೂಟದಲ್ಲಿ ಎರಡು ಪದಕ ತಂದಿದ್ದಾನೆ ಅಂದರೆ, ಸರಿಯಾದ ವಯಸ್ಸಿಗೆ ಸಿಕ್ಕಿದ್ದರೆ ಎಲ್ಲಿಗೆ ಹೋಗ್ತಿದ್ದ ಅನ್ನೋ ಪ್ರಶ್ನೆ ತಾನಾಗೇ ಏಳುತ್ತೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದ್ದು ಈಗ 13 ವರ್ಷದ ಮಕ್ಕಳು ಇರೋ ಊರುಗಳಲ್ಲಿ.

ಇಲ್ಲಿನ ಹುಡುಗರ ಪಾಲಿಗೆ

ಹಿರೇಕೆರೂರು, ಹಾನಗಲ್ಲ ಕಡೆ ಮೈತಾಕತ್ತಿಗೆ ಬರ ಇಲ್ಲ. ದೀಪಾವಳಿ ಆದ ಮೇಲೆ ಹೋರಿ ಬೆದರಿಸೋ ಸ್ಪರ್ಧೆ ಶುರುವಾದರೆ, ಕೊರಳಲ್ಲಿ ಕೊಬ್ಬರಿ ಹಾರ ಕಟ್ಟಿಕೊಂಡು ನುಗ್ಗೋ ಹೋರಿಗೆ ಎದುರು ಬೀಳೋ ಹುಡುಗರನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಳೆಯ ಗರಡಿಗಳಲ್ಲಿ ಸಂಗ್ರಾಣಿ ಕಲ್ಲು ಎತ್ತಿ ತೋಳು ಬೆಳೆಸಿದ ಹಿರಿಯರು ಇನ್ನೂ ಇದ್ದಾರೆ. ಭಾರ ಎತ್ತೋದು ಇಲ್ಲಿಗೆ ಹೊಸದಲ್ಲ. ರಾಡು ಹೊಸದು.

'ಗರಡಿ ಐತಲ್ಲ, ಕುಸ್ತಿ ಐತಲ್ಲ, ಸಾಕು' ಅನ್ನೋರು ಗ್ಲಾಸ್ಗೊ ಪಟ್ಟಿ ನೋಡಬೇಕು. ಖರ್ಚು ಉಳಿಸೋಕೆ ಆ ಕೂಟವನ್ನು ಹತ್ತೇ ಆಟಕ್ಕೆ ಇಳಿಸಿದ್ದಾರೆ. ಕುಸ್ತಿ ಇಲ್ಲ. ಹಾಕಿ ಇಲ್ಲ. ಬ್ಯಾಡ್ಮಿಂಟನ್ ಇಲ್ಲ. ವೇಟ್‌ಲಿಫ್ಟಿಂಗ್ ಉಳಿದಿದೆ. 2030ರ ಅಹಮದಾಬಾದ್ ಕೂಟಕ್ಕೆ ಮೊದಲೇ ಖಚಿತಪಡಿಸಿದ ಆಟಗಳಲ್ಲೂ ಅದು ಇದೆ. ಕುಸ್ತಿ ಒಲಿಂಪಿಕ್ಸ್‌ನಲ್ಲಿ ಇದ್ದೇ ಇದೆ, ಅದನ್ನು ಬಿಡಬೇಕು ಅಂತ ಯಾರೂ ಹೇಳಲ್ಲ. ಆದರೆ ಗುರುರಾಜನೇ ಅಖಾಡದಿಂದ ರಾಡಿಗೆ ಬಂದವನು. ಗರಡಿಗೆ ಬರೋ ಹತ್ತು ಹುಡುಗರಲ್ಲಿ ಇಬ್ಬರ ಮೈ ರಾಡಿಗೆ ಒಗ್ಗುವಂಥದ್ದು ಇದ್ದರೆ ಅವರಿಗೆ ಆ ದಾರಿ ತೋರಿಸೋರು ಬೇಕು.

ಈಗಿನ ವ್ಯವಸ್ಥೆಯಲ್ಲಿ ಆ ದಾರಿ ಎಲ್ಲಿ ಕಾಣುತ್ತೆ? ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟ ಅಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ, ಗುಂಡು ಎಸೆತ. ಭಾರ ಎತ್ತೋ ಸ್ಪರ್ಧೆ ಮೇಲಿನ ಹಂತದಲ್ಲಿ ಇದೆ. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿದೆ, ಖೇಲೋ ಇಂಡಿಯಾ ಯುವ ಕೂಟದಲ್ಲಿದೆ. ಮೇಲೆ ಮೆಟ್ಟಿಲಿದೆ, ಕೆಳಗಿನ ಮೆಟ್ಟಿಲಿಲ್ಲ. ಹೋಬಳಿಯ ಹುಡುಗ ಜಿಗಿದೇ ಹತ್ತಬೇಕು.

ಉಜಿರೆಯ ಪಾಠ ಇರೋದು ಇಲ್ಲಿ. ಉಜಿರೆ ಮಹಾನಗರವಲ್ಲ. ತಾಲೂಕು ಕೇಂದ್ರ ಕೂಡ ಅಲ್ಲ. ಒಂದು ಪದವಿ ಕಾಲೇಜು, ಒಂದು ಹಾಸ್ಟೆಲ್, ಒಬ್ಬ ಕೋಚ್, ದಿನಾ ಎತ್ತೋಕೆ ರಾಡು. ಗುರುರಾಜನಿಗೆ ಸಿಕ್ಕಿದ್ದು ಅಷ್ಟೆ. ಕೋಟಿಗಟ್ಟಲೆಯ ಕ್ರೀಡಾಂಗಣವಲ್ಲ. ಅಂತಾರಾಷ್ಟ್ರೀಯ ಸ್ಪರ್ಧೆಯ ವೇದಿಕೆಯೇ ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ. ಒಂದು ತರಗತಿ ಕೋಣೆಯೊಳಗೆ ಹಿಡಿಸುತ್ತೆ. ಗಟ್ಟಿ ಹಲಗೆ, ರಬ್ಬರ್ ಚಕ್ರ, ಎರಡು ರಾಡು, ಮತ್ತೆ ಕಲಿಸೋಕೆ ಬರೋ ಒಬ್ಬರು. ಮೊದಲ ಮೂರಕ್ಕೆ ಅನುದಾನ ಕೇಳಬಹುದು, ದಾನಿಗಳನ್ನು ಹುಡುಕಬಹುದು. ನಾಲ್ಕನೆಯದು ಕಷ್ಟ, ಅದೇ ಮುಖ್ಯ.

ಹಾವೇರಿಯಲ್ಲಿ ಜಿಲ್ಲಾ ಕ್ರೀಡಾಂಗಣ ಇದೆಯಲ್ಲ ಅನ್ನಬಹುದು. ಶಾಲೆ ಬಿಟ್ಟ ಮೇಲೆ ಚಿಕ್ಕೇರೂರಿನ ಎಂಟನೇ ಕ್ಲಾಸಿನ ಹುಡುಗ ದಿನಾ ಹಾವೇರಿಗೆ ಹೋಗಿ ಬರೋದು ಆಗದ ಮಾತು. ಮೀರಾಬಾಯಿ ಚಾನು ತನ್ನ ಊರಿಂದ ಇಂಫಾಲದ ತರಬೇತಿಗೆ ಮರಳು ಲಾರಿಗಳಲ್ಲಿ ಹೋಗಿ ಬರ್ತಿದ್ದಳು. 2021ರಲ್ಲಿ ಟೋಕಿಯೊ ಬೆಳ್ಳಿ ಗೆದ್ದು ಬಂದ ಮೇಲೆ ಆ ಲಾರಿ ಚಾಲಕರನ್ನು ಮನೆಗೆ ಕರೆದು ಉಪಚರಿಸಿದಳು. ಕೇಳೋಕೆ ಕಣ್ಣು ತುಂಬೋ ಕಥೆ. ಆದರೆ ಒಬ್ಬಳು ಹಾಗೆ ಗೆದ್ದಳು ಅಂದರೆ, ಲಾರಿ ಸಿಗದೆ ನಿಂತುಹೋದವರು ಎಷ್ಟು ಮಂದಿ ಅನ್ನೋದನ್ನೂ ಲೆಕ್ಕ ಹಾಕಬೇಕು.

ಹೆಣ್ಣುಮಕ್ಕಳ ಮಾತು ಬಂತು ಅಂತ ಇನ್ನೊಂದು. ಈ ಆಟದಲ್ಲಿ ಭಾರತಕ್ಕೆ ಬಂದ ಒಲಿಂಪಿಕ್ಸ್ ಪದಕ ಎರಡೇ, ಎರಡೂ ಹೆಣ್ಣುಮಕ್ಕಳವು. 2000ದ ಸಿಡ್ನಿಯಲ್ಲಿ ಪಕ್ಕದ ಆಂಧ್ರದ ಕರ್ಣಂ ಮಲ್ಲೇಶ್ವರಿ 240 ಕೆಜಿ ಎತ್ತಿ ಕಂಚು ಗೆದ್ದಳು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವಳೇ. ಆಮೇಲೆ ಮೀರಾಬಾಯಿ. ಹೊಲದಿಂದ ಹುಲ್ಲಿನ ಹೊರೆ ತಲೆ ಮೇಲೆ ಹೊತ್ತು ತರೋ ಹುಡುಗಿಯನ್ನು 'ಇದು ಗಂಡಸರ ಆಟ' ಅಂತ ದೂರ ಇಡೋ ಊರಿಗೆ ಈ ಅಂಕಿ ಗೊತ್ತಿರಲಿ.

ಎರಡು ಎಚ್ಚರಿಕೆ

ರಾಡು ತಂದಿಟ್ಟರೆ ಮುಗಿಯಲ್ಲ. ಮೊದಲ ಎಚ್ಚರಿಕೆ, ವಯಸ್ಸು. 13ರ ಮಕ್ಕಳಿಗೆ ಮೊದಲ ದಿನವೇ ತೂಕ ಹೇರೋದಲ್ಲ. ಬರೀ ಕೋಲು ಹಿಡಿದು ತಿಂಗಳುಗಟ್ಟಲೆ ಕೂರೋದು, ಏಳೋದು, ಎಳೆಯೋದು ಕಲಿಸ್ತಾರೆ. ಕಲಿಸೋಕೆ ಬರದವರು ಕಲಿಸಿದರೆ ಬೆನ್ನು, ಮೊಣಕೈ, ಮಂಡಿ ಹಾಳು. ಊರ ಜಿಮ್‌ನಲ್ಲಿ ಮೊಬೈಲ್ ವಿಡಿಯೋ ನೋಡಿ ಕಲಿಯೋ ಆಟ ಇದಲ್ಲ.

ಎರಡನೆಯದು ಇನ್ನೂ ದೊಡ್ಡದು, ಮದ್ದು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ 2024ರ ಲೆಕ್ಕದಲ್ಲಿ ಭಾರತದ 7,113 ಪರೀಕ್ಷೆಗಳಲ್ಲಿ 260 ಮಂದಿ ಸಿಕ್ಕಿಬಿದ್ದರು. ಅದರಲ್ಲಿ ಅಥ್ಲೆಟಿಕ್ಸ್ ಬಿಟ್ಟರೆ ಹೆಚ್ಚು ಪ್ರಕರಣ ವೇಟ್‌ಲಿಫ್ಟಿಂಗ್‌ನದ್ದೇ, 43. ಒಂದು ಕಿಲೋಗೆ ಪದಕ ತಪ್ಪೋ ಆಟದಲ್ಲಿ ಅಡ್ಡದಾರಿಯ ಆಸೆ ಎಷ್ಟು ಅಂತ ಊಹಿಸಬಹುದು. ಪೇಟೆಯಲ್ಲಿ ಡಬ್ಬಿ ಡಬ್ಬಿ ಪೌಡರ್ ಮಾರಾಟಕ್ಕಿದೆ, ಒಳಗೇನಿದೆ ಅಂತ ಮಾರೋನಿಗೂ ಗೊತ್ತಿರಲ್ಲ. ಹಳ್ಳಿ ಹುಡುಗನಿಗೆ ಅದನ್ನು ಯಾರೋ 'ಟಾನಿಕ್' ಅಂತ ಕೊಟ್ಟರೆ ನಿಷೇಧ ಬೀಳೋದು ಕೊಟ್ಟವನ ಮೇಲಲ್ಲ, ಕುಡಿದವನ ಮೇಲೆ. ಒಂದು ನಿಷೇಧಕ್ಕೆ ನಾಲ್ಕು ವರ್ಷ ಹೋಗುತ್ತೆ. ಈ ಆಟದಲ್ಲಿ ನಾಲ್ಕು ವರ್ಷ ಅಂದರೆ ಒಂದು ಬದುಕು.

ತಡವಾಗಿ ಶುರು ಮಾಡಿದವನೇ ಅಡ್ಡದಾರಿಯ ಅವಸರಕ್ಕೆ ಬೀಳೋದು ಹೆಚ್ಚು. ಬೇಗ ಶುರು ಮಾಡಿದವನಿಗೆ ಕಾಯೋಕೆ ಸಮಯ ಇರುತ್ತೆ. ಹಾಗಾಗಿ ಹೋಬಳಿಯಲ್ಲೇ, ಪ್ರೌಢಶಾಲೆಯಲ್ಲೇ ಸರಿಯಾಗಿ ಶುರು ಮಾಡಿಸೋದು ಪದಕಕ್ಕಷ್ಟೇ ಅಲ್ಲ, ಮಕ್ಕಳ ಆರೋಗ್ಯಕ್ಕೂ ಒಳ್ಳೆಯದು.

2030ರ ಲೆಕ್ಕ

ಇನ್ನು ಸಮಯದ ಲೆಕ್ಕ ಸರಳ. ಈಗ ಚಿಕ್ಕೇರೂರಿನ ಎಂಟನೇ ತರಗತಿಯಲ್ಲಿ ಕೂತಿರೋ ಮಗುವಿಗೆ 13 ಅಥವಾ 14 ವರ್ಷ. ಅಹಮದಾಬಾದ್ ಕೂಟಕ್ಕೆ 17 ಅಥವಾ 18. ಅದಕ್ಕೂ ಮುಂದಿನ ಕೂಟ 2034ರಲ್ಲಿ ಬಂದರೆ 21, 22. ಗುರುರಾಜ ರಾಡು ಮುಟ್ಟಿದ ವಯಸ್ಸಿಗೆ ಈ ಮಗುವಿನ ಬೆನ್ನ ಹಿಂದೆ ನಾಲ್ಕು ವರ್ಷದ ಅಭ್ಯಾಸ ಇರಬಹುದು. ಇರದೆಯೂ ಹೋಗಬಹುದು. ಅದು ಮಗುವಿನ ಕೈಯಲ್ಲಿಲ್ಲ.

ಗುರುರಾಜನಿಗೆ ಪದಕ ಸಿಕ್ಕಾಗಲೆಲ್ಲ ಸನ್ಮಾನ ಆದವು, ಮೆರವಣಿಗೆ ಆದವು, ಬ್ಯಾನರ್ ಬಿದ್ದವು. ಅವೆಲ್ಲ ಗೆದ್ದ ಮೇಲಿನ ಮಾತು. ಗೆಲ್ಲೋ ಮೊದಲು ಅವನ ಮೈಕಟ್ಟು ನೋಡಿ 'ಇವನ ಕೈಗೆ ರಾಡು ಕೊಡಿ' ಅಂದವರು ಒಬ್ಬರು ಇದ್ದರು. ಆ ಒಬ್ಬರು ಪ್ರತಿ ತಾಲೂಕಿನಲ್ಲೂ ಇರಬೇಕು ಅನ್ನೋದೇ ಅವನ ಎರಡು ಪದಕಗಳಿಂದ ಸರ್ಕಾರವೂ ಊರೂ ಕಲಿಯಬೇಕಾದ ಪಾಠ.

ಜುಲೈ ಕೊನೆಯಲ್ಲಿ ಟಿವಿ ಮುಂದೆ ಕೂತು ಗ್ಲಾಸ್ಗೊದ ರಾಡು ನೋಡುವಾಗ, ಕೊನೆಗೆ ಹಾಕೋ ಅರ್ಧ ಕೆಜಿಯ ಬಿಲ್ಲೆಗಳನ್ನೂ ಗಮನಿಸಿ. ಮುಂದಿನ ತಿಂಗಳು ಶಾಲಾ ಎಸ್‌ಡಿಎಂಸಿ ಸಭೆಯಲ್ಲೋ ಗ್ರಾಮಸಭೆಯಲ್ಲೋ ಯಾರಾದರೂ ಎದ್ದು ನಿಂತು, 'ನಮ್ಮ ಹೈಸ್ಕೂಲಿಗೊಂದು ರಾಡು, ಕಲಿಸೋಕೊಬ್ಬರು' ಅಂತ ಕೇಳಿದರೆ ಅದೂ ಅಂಥದೇ ಒಂದು ಬಿಲ್ಲೆ. ಕೇಳೋಕೆ ಖರ್ಚಿಲ್ಲ.